ಉತ್ತರ ಒಂದು ಸಾಲು, ಸಿಗ್ನೇಚರ್ ಹದಿನಾಲ್ಕು ಸಾಲು

‘ಆಯ್ತು ಸರ್, ನೋಡ್ತೀನಿ.’ ಮೇಲ್‌ನಲ್ಲಿದ್ದ ವಿಷಯ ಇಷ್ಟೇ. ಅದರ ಕೆಳಗೆ ಹೆಸರು, ಹುದ್ದೆ, ವಿಭಾಗ, ಮೂರು ಫೋನ್ ನಂಬರ್, ಕಚೇರಿಯ ಪೂರ್ತಿ ವಿಳಾಸ, ಲೋಗೋ, ಕೊನೆಗೆ ‘ಈ ಮೇಲ್ ಗೌಪ್ಯ’ ಅನ್ನೋ ಪ್ಯಾರಾ. ಮುಂದಿನ ಉತ್ತರದಲ್ಲೂ ಅದೇ. ಅದರ ಮುಂದಿನದರಲ್ಲೂ ಅದೇ! ಮಧ್ಯೆ ಎಲ್ಲೋ ಸಿಕ್ಕಿಕೊಂಡ ಒಂದು ದಿನಾಂಕ ಹುಡುಕೋಕೆ ಸ್ಕ್ರೋಲ್ ಮಾಡಿ ಮಾಡಿ ಬೆರಳು ನೋಯುತ್ತೆ. ನಿಜವಾಗಿಯೂ ಸಿಟ್ಟು ಬರುತ್ತೆ ಕಣ್ರೀ.

ಸಿಗ್ನೇಚರ್ ನಾಲ್ಕು ಸಾಲು ಮೀರದಿರಲಿ ಅಂತ 1995ರಲ್ಲೇ ‘ಆರ್‌ಎಫ್‌ಸಿ 1855’ ಅನ್ನೋ ಇಂಟರ್ನೆಟ್ ಶಿಷ್ಟಾಚಾರದ ದಾಖಲೆಯಲ್ಲಿ ಹೇಳಿದ್ದಾರೆ. ಹೆಸರು, ಕೆಲಸ, ಸಂಸ್ಥೆ, ಒಂದು ಫೋನ್ ನಂಬರ್. ಇನ್ನೇನು ಬೇಕು? ಇಮೇಲ್ ವಿಳಾಸ ಬೇರೆ ಹಾಕ್ತಾರೆ. ಮೇಲ್ ಬಂದಿರೋದೇ ಆ ವಿಳಾಸದಿಂದ!

‘ಕಂಪನಿ ರೂಲು, ನಾವೇನ್ ಮಾಡೋಣ’ ಅಂತೀರಿ. ಸರಿ, ಮೊದಲ ಮೇಲ್‌ಗೆ ಪೂರ್ತಿ ಹಾಕಿ. ಪ್ರತಿ ಉತ್ತರಕ್ಕೂ ಯಾಕೆ? ಕಂಪನಿಯ ಸರ್ವರ್ರೇ ಪ್ರತಿ ಮೇಲ್‌ಗೂ ಸಿಗ್ನೇಚರ್ ಅಂಟಿಸ್ತಿದ್ದರೆ ಐಟಿಯವರನ್ನ ಕೇಳಿ. ಹೆಚ್ಚಿನವರದ್ದು ಹಾಗಲ್ಲ, ಸೆಟ್ಟಿಂಗ್ ತೆರೆದೇ ನೋಡಿರಲ್ಲ.

ಜಿಮೇಲ್ ಆದರೆ ಕಂಪ್ಯೂಟರ್‌ನಲ್ಲಿ ಗೇರ್ ಒತ್ತಿ, ‘ಸೀ ಆಲ್ ಸೆಟ್ಟಿಂಗ್ಸ್’, ‘ಜನರಲ್’, ಕೆಳಗೆ ‘ಸಿಗ್ನೇಚರ್’. ಅಲ್ಲಿ ಹೊಸ ಮೇಲ್‌ಗೆ ಒಂದು, ರಿಪ್ಲೈ-ಫಾರ್ವರ್ಡ್‌ಗೆ ಇನ್ನೊಂದು ಆಯ್ಕೆ ಇದೆ. ಎರಡನೆಯದಕ್ಕೆ ‘ನೋ ಸಿಗ್ನೇಚರ್’ ಕೊಡಿ. ಪುಟದ ತಳದಲ್ಲಿರೋ ‘ಸೇವ್ ಚೇಂಜಸ್’ ಒತ್ತದಿದ್ದರೆ ಮಾಡಿದ್ದೆಲ್ಲ ಹೋಯ್ತು. ಮೊಬೈಲ್ ಆ್ಯಪ್‌ನ ಸಿಗ್ನೇಚರ್ ಬೇರೆ, ಅದನ್ನ ಆ್ಯಪ್‌ನಲ್ಲೇ ನೋಡಬೇಕು. ವಿಂಡೋಸ್‌ನ ಹಳೇ ಔಟ್‌ಲುಕ್‌ನಲ್ಲಿ ಫೈಲ್, ಆಪ್ಶನ್ಸ್, ಮೇಲ್, ಸಿಗ್ನೇಚರ್ಸ್. ಅಲ್ಲೂ ‘ರಿಪ್ಲೈಸ್/ಫಾರ್ವರ್ಡ್ಸ್’ ಬೇರೆಯಾಗಿಯೇ ಇದೆ.

ಇದಕ್ಕಿಂತ ಅಂದವಾದ ಉಪಾಯ ಹಿಂದಿನಿಂದಲೂ ಇತ್ತು. ಸಿಗ್ನೇಚರ್ ಮೇಲೆ ಒಂದು ಸಾಲಿನಲ್ಲಿ ಎರಡು ಅಡ್ಡಗೆರೆ (--), ಒಂದು ಸ್ಪೇಸ್, ಅಷ್ಟೇ. ಸಿಗ್ನೇಚರ್ ಇಲ್ಲಿಂದ ಶುರು ಅಂತ ಮೇಲ್ ಪ್ರೋಗ್ರಾಮ್‌ಗೆ ಅದೇ ಗುರುತು. ಥಂಡರ್‌ಬರ್ಡ್ ಅನ್ನೋ ಮೇಲ್ ಪ್ರೋಗ್ರಾಮ್ ತಾನೇ ಅದನ್ನ ಹಾಕುತ್ತೆ. ಅಂಥ ಮೇಲ್‌ಗೆ ಉತ್ತರಿಸುವಾಗ ಗೆರೆಯಿಂದ ಕೆಳಗಿನದ್ದನ್ನ ಬಿಟ್ಟೂಬಿಡುತ್ತೆ. ಸರಣಿ ಎಷ್ಟು ಬೆಳೆದರೂ ಸಿಗ್ನೇಚರ್ ಗುಡ್ಡೆ ಬೀಳಲ್ಲ. ಕೈಯಲ್ಲಿ ಟೈಪ್ ಮಾಡೋರು ಆ ಸ್ಪೇಸ್ ಮರೀತಾರೆ, ಆಗ ಅದು ಬರೀ ಗೆರೆ, ಪ್ರೋಗ್ರಾಮ್‌ಗೆ ಗುರುತೇ ಸಿಗಲ್ಲ.

ಲೋಗೋ ಇನ್ನೊಂದು ಕಾಟ. ಎಷ್ಟೋ ಪ್ರೋಗ್ರಾಮ್‌ಗಳಲ್ಲಿ ಮೇಲ್ ಒಳಗೇ ಸೇರಿಸಿದ ಚಿತ್ರ ಅಟ್ಯಾಚ್‌ಮೆಂಟ್ ಲೆಕ್ಕಕ್ಕೆ ಬರುತ್ತೆ. ಪಿಡಿಎಫ್ ಇರೋ ಮೇಲ್ ಯಾವುದು ಅಂತ ಹುಡುಕಿದರೆ, ‘ಆಯ್ತು ಸರ್’ ಅನ್ನೋದಕ್ಕೂ ಪಿನ್ ಗುರುತು! ಲಿಂಕ್‌ನಿಂದ ಬರೋ ಚಿತ್ರವಾದರೆ, ಚಿತ್ರ ತಡೆಹಿಡಿದವರಿಗೆ ಕಾಣೋದು ಖಾಲಿ ಚೌಕ. ಇಡೀ ವಿಸಿಟಿಂಗ್ ಕಾರ್ಡನ್ನೇ ಚಿತ್ರ ಮಾಡಿ ಅಂಟಿಸೋರ ಫೋನ್ ನಂಬರ್ ಕಾಪಿ ಮಾಡೋಕಾಗಲ್ಲ, ಮೇಲ್‌ಬಾಕ್ಸಿನಲ್ಲಿ ಹುಡುಕಿದರೂ ಸಿಗೋದು ಕಷ್ಟ, ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಓದೋಕೆ ಪಠ್ಯವೇ ಇರಲ್ಲ.

ಕನ್ನಡದಲ್ಲಿ ಹೆಸರು ಹಾಕೋರನ್ನ ಕಂಡರೆ ನನಗೆ ಖುಷಿ. ಆದರೆ ನುಡಿ, ಬರಹದ ಹಳೇ ಆಸ್ಕಿ ಫಾಂಟ್‌ನಲ್ಲಿ ಬರೆದು ಅಂಟಿಸಬೇಡಿ. ಆ ಫಾಂಟ್ ಇಲ್ಲದ ಕಡೆ ಅಕ್ಷರ ಚೆಲ್ಲಾಪಿಲ್ಲಿ. ನುಡಿಯ ‘ನ’ ಇರಬೇಕಾದ ಜಾಗದಲ್ಲಿ ಪೌಂಡ್ ಚಿಹ್ನೆ ಕೂತಿರುತ್ತೆ. ಬೇರೆ ಫಾಂಟ್‌ನಲ್ಲೂ ಅಕ್ಷರ ಕೆಡದ ಯೂನಿಕೋಡ್‌ಗೆ ಬದಲಿಸಿ, ಸಿಗ್ನೇಚರ್ ಡಬ್ಬಿಗೆ ಫಾರ್ಮ್ಯಾಟ್ ಇಲ್ಲದೆ ಪೇಸ್ಟ್ ಮಾಡಿ, ನಿಮ್ಮದೇ ಇನ್ನೊಂದು ಐಡಿಗೆ ಒಂದು ಮೇಲ್ ಕಳಿಸಿ ಫೋನಿನಲ್ಲಿ ತೆರೆದು ನೋಡಿ.