ಪಕ್ಕದವನ ಕೈಯಲ್ಲಿರುವ ಹತ್ತು ನಿಮಿಷ

ಮಂಗೋಲಿಯಾದ ಫೈವ್ ಹಿಲ್ಸ್ ಬಯಲಲ್ಲಿ ನಡೆಯುವ 'ಖಾನ್ ಕ್ವೆಸ್ಟ್' ಶಾಂತಿಪಾಲನಾ ಸಮರಾಭ್ಯಾಸದ ಸುದ್ದಿ ನಮ್ಮ ಪೇಪರಲ್ಲಿ ಬಂದರೂ ಬಾವುಟಗಳ ಫೋಟೋದಲ್ಲೇ ಮುಗಿದುಹೋಗುತ್ತದೆ. 2003ರಲ್ಲಿ ಅಮೆರಿಕ, ಮಂಗೋಲಿಯಾ ಎರಡೇ ಸೇರಿ ಶುರು ಮಾಡಿದ್ದು. 2006ರಿಂದ ಬೇರೆ ದೇಶಗಳೂ ಸೇರಿಕೊಂಡವು. 2024ರಲ್ಲಿ ನಮ್ಮ ಮದ್ರಾಸ್ ರೆಜಿಮೆಂಟಿನವರು ಹೋಗಿದ್ದರು. ಗಸ್ತು, ಚೆಕ್‌ಪೋಸ್ಟ್ ಎಲ್ಲ ಕಲಿಯಲಿ, ಬೇಡ ಅನ್ನಲ್ಲ. ನನಗೆ ದೊಡ್ಡದು ಅನ್ನಿಸುವುದು ಮಾತ್ರ ಗಾಯಾಳುವಿಗೆ ಪಟ್ಟಿ ಬಿಗಿಯುವ ಪಾಠ.

ಶಾಂತಿಪಾಲಕರಿಗೆ ವಿಶ್ವಸಂಸ್ಥೆ ಇಟ್ಟಿರುವ ಲೆಕ್ಕ 10-1-2. ಗಾಯವಾದ 10 ನಿಮಿಷದೊಳಗೆ ಪ್ರಥಮ ಚಿಕಿತ್ಸೆ, 1 ಗಂಟೆಯೊಳಗೆ ಅದರ ಮುಂದಿನದು, 2 ಗಂಟೆಯೊಳಗೆ ಆಪರೇಷನ್. ಗಂಟೆಗಳ ಲೆಕ್ಕಕ್ಕೆ ಹೆಲಿಕಾಪ್ಟರ್ ಬೇಕು, ಹವಾಮಾನ ಕೂಡಿಬರಬೇಕು. ಆ 10 ನಿಮಿಷ ಮಾತ್ರ ಪಕ್ಕದವನ ಕೈಯಲ್ಲಿದೆ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಅಷ್ಟೂ ಸಿಗಲ್ಲ.

ಆ ಪಕ್ಕದವನು ನೇಪಾಳದವನೋ ರುವಾಂಡಾದವನೋ ಆಗಿರಬಹುದು, ಅಲ್ವಾ? ಗಾಯಾಳುವಿಗೆ ಬಳಸಬೇಕಾದ್ದು ಗಾಯಾಳುವಿನದೇ ಪ್ರಥಮ ಚಿಕಿತ್ಸೆ ಕಿಟ್. ಅದು ಗಾಯಾಳುವಿನ ಯಾವ ಜೇಬಲ್ಲಿದೆ ಅಂತ ಹುಡುಕುತ್ತಾ ಕೂತರೆ ಕಥೆ ಮುಗಿಯಿತು. ಅದಕ್ಕೇ ಎಲ್ಲರೂ ಒಂದೇ ಬಯಲಲ್ಲಿ ಒಟ್ಟಿಗೆ ಕಲಿಯಬೇಕು ಅನ್ನೋದು ನನ್ನ ವಾದ. ವರ್ಷಕ್ಕೊಮ್ಮೆ ನಡೆಯುವ ಈ ಎರಡು ವಾರದ ಅಭ್ಯಾಸ ಸಾಲದು ಅನ್ನೋದು ನನ್ನ ತಕರಾರು.

ನಮಗೆ ಇದು ಹೊಸದಲ್ಲ. 1950ರಲ್ಲಿ ಕೊರಿಯಾ ಯುದ್ಧಕ್ಕೆ ಭಾರತ ಕಳಿಸಿದ್ದು ಕಾದಾಡುವ ದಳವನ್ನಲ್ಲ. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ 60 ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಅನ್ನೋ ವೈದ್ಯಕೀಯ ದಳವನ್ನು.

ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದ ನಮ್ಮ ಭಾವ ಹೋದ ತಿಂಗಳು ಜಗಲಿಯಲ್ಲಿ ಕೂರಿಸಿ ನನ್ನ ತೊಡೆಗೆ ಟೂರ್ನಿಕೆಟ್, ಅಂದರೆ ರಕ್ತ ನಿಲ್ಲಿಸೋಕೆ ಬಿಗಿಯುವ ಪಟ್ಟಿ, ಕಟ್ಟಿದರು. ಅದನ್ನು ಬಿಗಿಮಾಡುವ ಕಡ್ಡಿ ಮೂರು ಸುತ್ತು ತಿರುಗುವಷ್ಟರಲ್ಲಿ ನಾನು ಕೂಗಿಕೊಂಡೆ. "ನೋವಾಗದಿದ್ದರೆ ಸರಿಯಾಗಿ ಕಟ್ಟಿಲ್ಲ ಅಂತ ಅರ್ಥ ಕಣೋ" ಅಂದರು. ಪಾದದ ಮೇಲೆ ಬೆರಳಿಟ್ಟು ನಾಡಿ ನಿಂತಿದೆಯಾ ನೋಡಿ, ಸಡಿಲಿಸಿದರು. ಆಮೇಲೆ ನನ್ನ ಕೈಗೆ ಕೊಬ್ಬರಿ ಎಣ್ಣೆ ಸುರಿದು, "ಈಗ ನನಗೆ ಕಟ್ಟು. ರಕ್ತದಲ್ಲಿ ಕೈ ಹೀಗೇ ಜಾರೋದು."

ಎರಡು ಸಲ ಕಡ್ಡಿ ಕೈಯಿಂದ ಜಾರಿ ಪಟಾರನೆ ಬಿಚ್ಚಿಕೊಂಡಿತು. ಮೂರನೇ ಸಲ ನಿಂತಿತು. ಬೀಗುತ್ತಾ ಮುಖ ನೋಡಿದೆ.

"ಕಟ್ಟಿದ ಟೈಮ್ ಎಲ್ಲಿ ಬರೆದೆ?"

ಹತ್ತಿರ ಪೆನ್ನೇ ಇರಲಿಲ್ಲ.