ಸತ್ಯಾಂಶ: ಬಾವಿ ನೀರಾದರೆ ಅಕ್ವೇರಿಯಂ ನೀರನ್ನು ಪೂರ್ತಿ ಬದಲಿಸಬಹುದೇ?

"ಕೊಡಗಿನ ಬಾವಿ ನೀರಿನಲ್ಲಿ ಕ್ಲೋರಿನ್ ಇಲ್ಲ. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ, ತಿಕ್ಕಿ ತೊಳೆದು ಹೊಸ ನೀರು ತುಂಬಿಸಿ, ಮೀನಿಗೆ ಏನೂ ಆಗದು" ಎಂಬ ವಾಟ್ಸ್‌ಆ್ಯಪ್ ಸಂದೇಶವೊಂದಿದೆ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಲ್ಲವಾದರೆ ಮೊದಲ ವಾಕ್ಯ ಸರಿ. ಉಳಿದದ್ದು ತಪ್ಪು.

ಮೀನನ್ನು ಕಂಗೆಡಿಸುವುದು ಕ್ಲೋರಿನ್ ಮಾತ್ರವಲ್ಲ, ದಿಢೀರ್ ಬದಲಾವಣೆಯೂ ಹೌದು. ಏಂಜೆಲ್, ಟೆಟ್ರಾದಂಥ ಮೀನುಗಳಿಗೆ ಸುಮಾರು 24ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತ. ಡಿಸೆಂಬರ್ ಮುಂಜಾನೆ ಮಡಿಕೇರಿಯಲ್ಲಿ ನೀರು ನಮ್ಮ ಕೈಯನ್ನೇ ಕೊರೆಯುತ್ತದೆ; ಅದನ್ನು ಒಮ್ಮೆಲೇ ಸುರಿದರೆ ಮೀನು ರೆಕ್ಕೆ ಮುದುರಿ ಮೂಲೆ ಸೇರುತ್ತದೆ, ಕಿವಿರು ವೇಗವಾಗಿ ಬಡಿಯುತ್ತದೆ. ಬಿಳಿ ಚುಕ್ಕೆ ರೋಗಕ್ಕೂ ಇದು ದಾರಿಯಾಗಬಹುದು.

ಸಂದೇಶದಲ್ಲಿ ನಿಜಕ್ಕೂ ಅಪಾಯಕಾರಿಯಾದದ್ದು ತೊಳೆಯುವ ಸಲಹೆ. ಮೀನು ಹೊರಬಿಡುವ ಅಮೋನಿಯಾ ವಿಷ. ಅದನ್ನು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಹಾನಿ ಮಾಡದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ನೆಲೆಸಿರುವುದು ಫಿಲ್ಟರ್‌ನ ಸ್ಪಂಜು ಮತ್ತು ತಳದ ಜಲ್ಲಿಯಲ್ಲಿ. ಎಲ್ಲವನ್ನೂ ಸೋಪು ಹಚ್ಚಿ ಫಳಫಳ ಮಾಡಿದರೆ ಅವು ನಾಶವಾಗಿ ಅಮೋನಿಯಾ ಏರುತ್ತದೆ. ಆಗ ದೂರು ಮಾತ್ರ ನೀರಿನ ಮೇಲೆ!

ವಾರಕ್ಕೆ ಕಾಲು ಭಾಗದಷ್ಟು ನೀರು ಬದಲಿಸಿದರೆ ಸಾಮಾನ್ಯವಾಗಿ ಸಾಕು. ಬದಲಿಸದೇ ಬಿಟ್ಟರೆ ನೈಟ್ರೇಟ್ ಕೂಡಿಕೊಳ್ಳುತ್ತದೆ. ಬಾವಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು ಇರಬಹುದು. ರಾತ್ರಿಯಿಡೀ ಬಕೆಟ್‌ನಲ್ಲಿ ಗಾಳಿಯಾಡಲು ಬಿಡಿ. ಸ್ವಲ್ಪ ಬಿಸಿನೀರು ಬೆರೆಸಿ ತೊಟ್ಟಿಯ ಉಷ್ಣತೆಗೆ ಹೊಂದಿಸಿ, ನಿಧಾನವಾಗಿ ಸೇರಿಸಿ. ನಲ್ಲಿ ನೀರಾದರೆ ಕ್ಲೋರಿನ್ ನಿವಾರಕ ದ್ರಾವಣ ಬೇಕು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಿ. ಮೀನುಗಳನ್ನು ಬಲೆಯಲ್ಲಿ ಹಿಡಿದು ಹೊರಗಿಡುವ ಅಗತ್ಯವೇ ಇಲ್ಲ.