ಅನ್ನದ ದಾಸೋಹ ನಮಗ ಗೊತ್ತದ, ಕಾನೂನಿಂದು ಯಾಕ ಆಗವಲ್ದು?

ನಾ ಕಲಬುರಗಿಯಾಂವ. ಲಂಡನ್ನಿನಾಗ ಒಂದ್ ವಕೀಲರ ಫರ್ಮಿನಾಗ ಬಿಲ್ಲಿಂಗ್ ಸೆಕ್ಷನ್ನಿನ ಕೆಲ್ಸ, ನಾ ವಕೀಲ ಅಲ್ಲ. ಯಾವ ವಕೀಲ್ರು ಯಾರಿಗೆ ಎಷ್ಟೊತ್ತು ಕೆಲ್ಸ ಮಾಡಿದ್ರು ಅನ್ನೋದು ದಿನಾ ನನ್ನ ಸ್ಕ್ರೀನ್ ಮ್ಯಾಲೆ ಬರ್ತದ. ಇಲ್ಲಿ ಟೈಮ್ ಅನ್ನೋದನ್ನ 6 ನಿಮಿಷದ ತುಂಡು ಮಾಡಿ ಬರೀತಾರ, 10 ತುಂಡಿಗೆ ಒಂದ್ ತಾಸು, ಒಂದ್ ಸಣ್ಣ ಫೋನ್ ಮಾಡಿದ್ರೂ ಒಂದ್ ತುಂಡು. ಅದರಾಗ ಕೆಲವು ಫೈಲ್ ಇರ್ತಾವ, ತಾಸುಗಟ್ಟಲೆ ಕೆಲ್ಸ ಬರ್ದಿರ್ತಾರ, ಕಡೀಕ ಬಿಲ್ ಮಾತ್ರ ಸೊನ್ನೆ. ಪ್ರೊ ಬೋನೊ ಅಂತಾರ, ಫೀ ತಗೊಳ್ದ ನಡಸೋ ಕೇಸು.

ಮೊದಲ್ನೇ ಸಲ ಅಂಥ ಫೈಲ್ ಬಂದಾಗ ಏನೋ ತಪ್ಪಾಗ್ಯದ ಅಂತ ಮ್ಯಾನೇಜರ್ ಹತ್ರ ಹೋದೆ. ಬಿಲ್ ಸೊನ್ನೆ ಇದ್ರೂ ಟೈಮ್ ಪೂರ್ತಿ ಬರೀಲೇಬೇಕು ಅಂದ್ಳು ಆಕಿ, ಯಾಕಂದ್ರ ಕೇಸ್ ಗೆದ್ರ ಎದುರಿನವ್ರ ಕಡಿಂದ ಖರ್ಚು ಕೇಳೋದು ಇದೇ ಲೆಕ್ಕದ ಮ್ಯಾಲೆ. 2007ರ ಲೀಗಲ್ ಸರ್ವೀಸಸ್ ಆಕ್ಟಿನ 194ನೇ ಸೆಕ್ಷನ್ನಿನಾಗ ಇದಕ್ಕ ದಾರಿ ಮಾಡಿಟ್ಟಾರ. ಆ ರೊಕ್ಕ ವಕೀಲ್ರಿಗೂ ಬರಂಗಿಲ್ಲ, ಕಕ್ಷಿದಾರ್ರಿಗೂ ಬರಂಗಿಲ್ಲ, ಆಕ್ಸೆಸ್ ಟು ಜಸ್ಟಿಸ್ ಫೌಂಡೇಶನ್ನಿಗೆ ಹೋಗ್ತದ, ಅಲ್ಲಿಂದ ಬಡವ್ರಿಗೆ ಪುಕ್ಕಟ ಸಲಹಾ ಕೊಡೋ ಕೇಂದ್ರಗಳಿಗೆ.

ಆಮ್ಯಾಲೆ ವರ್ಷಕ್ಕೊಮ್ಮೆ ಲಂಡನ್ ಲೀಗಲ್ ವಾಕ್ ಅಂತ ಇರ್ತದ, 10 ಕಿಲೋಮೀಟರ್ ನಡಿಗಿ. ಜಡ್ಜುಗಳು, ಪಾರ್ಟ್ನರ್‌ಗಳು, ರಿಸೆಪ್ಷನ್ ಹುಡುಗಿ, ಬಿಲ್ ಬರಿಯೋ ನಮ್ಮಂಥವ್ರು, ಎಲ್ಲಾರೂ ಕೂಡಿ ನಡೀತಾರ, ಇಂಥ ಪುಕ್ಕಟ ಸಲಹಾ ಕೇಂದ್ರಗಳ ಸಲುವಾಗಿ ಗೆಳ್ಯಾರ ಹತ್ರ ಬಂಧುಗಳ ಹತ್ರ ಚಂದಾ ಎತ್ತತಾರ. ಟ್ಯಾಕ್ಸ್ ಕಟ್ಟೋ ಮನಷ್ಯಾ 100 ಪೌಂಡ್ ಕೊಟ್ರ ಗಿಫ್ಟ್ ಏಡ್ ಅಂತ ಸರ್ಕಾರದ ಕಡಿಂದ ಇನ್ನೂ 25 ಪೌಂಡ್ ಸೇರ್ತದ. ಹಂಗಂತ ಇಲ್ಲಿ ಎಲ್ಲಾ ಚಂದ ಅದ ಅಂತ ನಾ ಹೇಳವಲ್ಲೆ. 2013ರ ಏಪ್ರಿಲಿನಿಂದ ಇಲ್ಲಿನ ಸರ್ಕಾರ ಲೀಗಲ್ ಏಡಿಗೆ, ಅಂದ್ರ ಬಡವ್ರ ಕೇಸಿಗೆ ಸರ್ಕಾರ ಕೊಡೋ ರೊಕ್ಕಕ್ಕ, ದೊಡ್ಡ ಕತ್ರಿ ಹಾಕ್ತು, ಗಂಡ ಹೆಂಡ್ತಿ ತಕರಾರು, ಸರ್ಕಾರಿ ಸಹಾಯಧನದ ತಕರಾರು ಇಂಥವೆಲ್ಲಾ ಬಹಳಷ್ಟು ಹೊರಗ ಬಿದ್ವು. ನಡದು ಎತ್ತಿದ ಚಂದಾದಿಂದ ಆ ಹಳ್ಳ ತುಂಬಂಗಿಲ್ಲ, ಆದ್ರೂ ನಡೀತಾರ.

ಥೇಮ್ಸ್ ದಂಡಿ ಮ್ಯಾಲೆ ಲ್ಯಾಂಬೆತ್ತಿನಾಗ 2015ರಾಗ ಕೂಡ್ಸಿದ ಬಸವಣ್ಣನ ಮೂರ್ತಿ ಅದ, ಐತವಾರ ಬಿಡುವಿದ್ರ ಹೋಗಿ ಕುಂಡ್ರತೀನಿ. ಅಲ್ಲಿ ಕುಂತಾಗ ನನಗ ನಮ್ಮೂರಿಂದೇ ವಿಚಾರ. ದಾಸೋಹ ಅನ್ನೋದನ್ನ ನಮಗ್ಯಾರೂ ಕಲಿಸಬೇಕಿಲ್ಲ. ಶರಣಬಸವೇಶ್ವರ ಗುಡಿಗಿ ಹಸಗೊಂಡು ಹೋದವ್ರು ಹಸಗೊಂಡು ಬಂದದ್ದಿಲ್ಲ, ಬಂದಾ ನವಾಜ್ ದರ್ಗಾಕ್ಕ ಹೋದವ್ರನ್ನ ಯಾವ ಜಾತಿ ಅಂತ ಕೇಳಂಗಿಲ್ಲ.

ನಮ್ಮಪ್ಪ ತಹಸೀಲ್ ಕಚೇರಿ ಹೊರಗ ಬೇವಿನ ಗಿಡದ ಬುಡಕ್ಕ ಟೈಪಿಂಗ್ ಮಷೀನ್ ಇಟ್ಕೊಂಡು ಕೂಡ್ತಿದ್ದ. ಗಂಡ ಸತ್ತ ಹೆಣ್ಮಗಳು ಪಿಂಚಣಿ ಅರ್ಜಿಗೆ ಬಂದ್ರ, ಆಕಿ ಸೆರಗಿನ ಗಂಟಿಗೆ ಕೈ ಹಾಕೋದ್ರಾಗ "ಇರ್ಲಿ ಬಿಡಬೇ, ಬಸ್ಸಿಗೆ ಇಟ್ಕೋ" ಅಂತಿದ್ದ. ಅರ್ಜಿ ಜೋಡಿ ಒಂದ್ ಕಾರ್ಬನ್ ಕಾಪಿ ಕೈಗಿಟ್ಟು, "ಇದರ ಮ್ಯಾಲೆ ಸಿಕ್ಕಾ ಹಾಕಿಸ್ಕೊಳ್ದ ಹೊರಗ ಬರಬ್ಯಾಡ" ಅಂತ ಎರಡೆರಡು ಸಲ ಹೇಳ್ತಿದ್ದ. ಎಷ್ಟ್ ಅರ್ಜಿ ಪುಕ್ಕಟ ಬರ್ದ ಅಂತ ಎಲ್ಲೂ ಬರ್ದಿಟ್ಟಿಲ್ಲ. ಕೊಟ್ಟಿದ್ದನ್ನ ಲೆಕ್ಕ ಇಡಬಾರ್ದು ಅನ್ನೋದು ಅಪ್ಪನ ಮಾತು, ನಮ್ಮ ಮಂದಿದೆಲ್ಲಾ ಇದೇ ಮಾತು. ಆದ್ರ ಅಪ್ಪ ಹೋದ ಮ್ಯಾಲೆ ಆ ಜಾಗಾ ಖಾಲಿ, ಆ ಕೆಲ್ಸ ಮುಂದ ನಡಸಬೇಕಂತ ಯಾರಿಗೂ ಗೊತ್ತಾಗಲಿಲ್ಲ. ಇಲ್ಲಿ ಒಬ್ಬ ವಕೀಲ ಕೆಲ್ಸ ಬಿಟ್ಟು ಹೋದ್ರ ಆ ಸೊನ್ನೆ ಬಿಲ್ಲಿನ ಫೈಲ್ ಇನ್ನೊಬ್ರ ಟೇಬಲ್ಲಿಗೆ ಹೋಗ್ತದ, ಯಾಕಂದ್ರ ಬರ್ದಿಟ್ಟಾರ. ಲೆಕ್ಕ ಇಟ್ರ ದಾನ ಸಣ್ಣದಾಗ್ತದ ಅನ್ನೋದನ್ನ ನಾ ಈಗ ಒಪ್ಪಂಗಿಲ್ಲ.

ಇದನ್ನ ಇಷ್ಟ್ ಬಿಗಿ ಹಿಡ್ದು ಯಾಕ ಹೇಳ್ತೀನಂದ್ರ ನಮ್ಮತ್ತಿ ಸಲುವಾಗಿ, ಅಪ್ಪನ ಖಾಸ ತಂಗಿ ಆಕಿ. ಗಂಡನ ತೊಗರಿ ಹೊಲದಾಗ ಪಾಲು ಕೊಡವಲ್ರು ಅಂತ ತಾಲೂಕ್ ಕೋರ್ಟಿಗೆ ಹೋದ್ಳು. ತಾರೀಖಿಗೊಮ್ಮೆ ವಕೀಲ್ರಿಗೆ 500 ರೂಪಾಯಿ, ಕೊರಳಾಗಿನ ಬಂಗಾರದ ಗುಂಡು ಎರಡು ಮಾರಿದ್ಳು. ಅದೇ ಕೋರ್ಟಿನ ಕಂಪೌಂಡಿನಾಗ ತಾಲೂಕು ಕಾನೂನು ಸೇವಾ ಸಮಿತಿ ಅಂತ ಬೋರ್ಡ್ ಅದ, ಪ್ರತಿ ತಾರೀಖಿಗೂ ಆಕಿ ಅದರ ಮುಂದೇ ಹಾದು ಹೋಗ್ಯಾಳ, ಓದಾಕ ಬರಂಗಿಲ್ಲ. ಬಡವ್ರಿಗೆ ಪುಕ್ಕಟ ಕಾನೂನು ನೆರವು ಕೊಡಬೇಕು ಅನ್ನೋ 39ಎ ಕಲಮು ಸಂವಿಧಾನಕ್ಕ ಸೇರಿದ್ದು 1976ರ ತಿದ್ದುಪಡಿಯಾಗ, ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರದ್ದು, ಜಾರಿ ಆಗಿದ್ದು 1995ರಾಗ. ಅದರ 12ನೇ ಕಲಮಿನ ಪ್ರಕಾರ ಹೆಣ್ಮಕ್ಕಳು, ಮಕ್ಕಳು, ಎಸ್‌ಸಿ ಎಸ್‌ಟಿ ಮಂದಿ, ಅಂಗವಿಕಲರು, ಜೈಲಿನಾಗ ಇದ್ದವ್ರು, ಇವ್ರಿಗೆಲ್ಲಾ ಆದಾಯ ಎಷ್ಟೇ ಇರ್ಲಿ ಸರ್ಕಾರದ ಖರ್ಚಿನಾಗ ವಕೀಲ್ರು ಸಿಗಬೇಕು. ಕಾನೂನು ನೆರವಿನ ಸಹಾಯವಾಣಿ 15100ಕ್ಕ ಫೋನ್ ಮಾಡಿದ್ರೂ ನಡೀತದ. ಇಷ್ಟೆಲ್ಲಾ ಇದ್ದೂ ಅತ್ತಿಗಿ ಹೇಳಾಕ ಒಬ್ರಿದ್ದಿಲ್ಲ. ಆಕಿ ವಕೀಲ್ರಿಗೂ ಗೊತ್ತಿತ್ತು, ಅವ್ರ ಕ್ಲರ್ಕಿಗೂ ಗೊತ್ತಿತ್ತು, ಇಬ್ರೂ ಬಾಯಿ ಬಿಡಲಿಲ್ಲ, ಅದು ನನಗ ಇನ್ನೂ ನುಂಗಾಕ ಆಗವಲ್ದು.

ಕಲಬುರಗಿಯಾಗ ಈಗ ಹೈಕೋರ್ಟ್ ಪೀಠಾನೇ ಅದ, 2008ರಾಗ ಸಂಚಾರಿ ಪೀಠ ಬಂತು, 2013ರಾಗ ಕಾಯಂ ಆತು, ಎಷ್ಟೋ ವಕೀಲ್ರ ಆಫೀಸ್ ಆಗ್ಯಾವ. ಮಂದಿ ಮೊದ್ಲು ಮುಟ್ಟೋದು ವಕೀಲ್ರನ್ನಲ್ಲ, ಕ್ಲರ್ಕನ್ನ, ಟೈಪಿಸ್ಟನ್ನ, ಝೆರಾಕ್ಸ್ ಅಂಗಡಿಯಾಂವನ್ನ. ಇವ್ರು ತಿಂಗಳಿಗೊಂದ್ ಶನಿವಾರ ಎರಡ್ ತಾಸು ಕೂತು, ಬಂದವ್ರಿಗೆ "ನಿಮಗ ಪುಕ್ಕಟ ವಕೀಲ್ರು ಸಿಗ್ತಾರ, ಆ ಬಾಗಿಲಿಗೆ ಹೋಗ್ರಿ" ಅಂತ ಹೇಳಿ, ಯಾರ್ ಬಂದ್ರು ಏನಾತು ಅಂತ ಒಂದ್ ವಹಿಯಾಗ ಬರ್ದಿಟ್ರ ಸಾಕು. ಆ ವಹಿ, ಝೆರಾಕ್ಸ್, ಚಹಾದ ಖರ್ಚು ಹೊರಗಿರೋ ನಮ್ಮಂಥವ್ರು ಕೂಡಿ ಹಾಕ್ತೀವಿ.

ಹೋದ ಸಲ ಊರಿಗೆ ಬಂದಾಗ ಅತ್ತಿನ ಆ ಬೋರ್ಡಿನ ಬಾಗಿಲಿಗೆ ನಾನೇ ಕರ್ಕೊಂಡ್ ಹೋದೆ. ಒಬ್ಬ ಹುಡುಗ ಫಾರ್ಮ್ ತುಂಬಿ ಕೊಟ್ಟ. ಅತ್ತಿ ಸೆರಗಿನ ಗಂಟು ಬಿಚ್ಚಾಕ ಹೋದ್ಳು, "ಇದಕ್ಕ ಫೀ ಇಲ್ಲಬೇ ಆಯಿ" ಅಂದ ಅಂವ. ನಂಬಲಿಲ್ಲ, ಇನ್ನೊಮ್ಮೆ ಕೇಳಿದ್ಳು. ಆಮ್ಯಾಲೆ, "ಹಂಗಾದ್ರ ಒಂದ್ ಕಾಪಿ ಕೊಡಪ್ಪಾ, ಸಿಕ್ಕಾ ಹಾಕಿ ಕೊಡು" ಅಂದ್ಳು.